ಬೋರ್ಡು ಕಾಣದ ಮೇಷ್ಟ್ರು: ಚೆಸ್ ಓಪನಿಂಗ್ ಕಲಿಯಲು ಚಾಟ್‌ಬಾಟ್ ಬಳಸುವ ಬಗೆ

ಆಂಧ್ರ-ಕರ್ನಾಟಕ ಗಡಿಯ ಬೆಳುಗುಪ್ಪದಂಥ ಊರಿನಲ್ಲಿ ಚೆಸ್ ಬೋರ್ಡು ಹುಡುಕುವುದು ಕಷ್ಟವಲ್ಲ. ಕಾಯಿ ನಡೆಸುವುದನ್ನು ಮಾವನೋ, ಪಕ್ಕದ ಮನೆಯ ಅಣ್ಣನೋ, ಶಾಲೆಯ ಪಿಇಟಿ ಸಾರೋ ಒಂದು ಸಂಜೆಯಲ್ಲಿ ಹೇಳಿಕೊಡುತ್ತಾರೆ. ತೊಡಕು ಶುರುವಾಗುವುದು ಆಮೇಲೆ. ಅನಂತಪುರಕ್ಕೋ ಬಳ್ಳಾರಿಗೋ ಟೂರ್ನಮೆಂಟಿಗೆ ಹೋದ ಹುಡುಗಿ, ಎದುರು ಕೂತವನು ಮೊದಲ ಎಂಟು ನಡೆಗಳನ್ನು ಟಕಟಕನೆ ಆಡಿ ಗಡಿಯಾರ ಒತ್ತುವುದನ್ನು ನೋಡಿ ಕಂಗಾಲಾಗುತ್ತಾಳೆ. ಅವನು ಯೋಚನೆ ಮಾಡುತ್ತಿಲ್ಲ, ಕಲಿತದ್ದನ್ನು ಆಡುತ್ತಿದ್ದಾನೆ. ಆ ಕಲಿತದ್ದಕ್ಕೇ ಓಪನಿಂಗ್ ಎನ್ನುವುದು. ಕಲಿಸುವ ಕೋಚ್ ಹಳ್ಳಿಯಲ್ಲಿ ಸಿಗುವುದು ಅಪರೂಪ. ಪುಸ್ತಕಗಳೆಲ್ಲ ಇಂಗ್ಲಿಷಿನವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಎಂದು ಬೆಳೆದ ಗಡಿನಾಡಿನ ಮಗುವಿಗೆ ಚೆಸ್ ಮೂರನೆಯ ಭಾಷೆಯೊಂದನ್ನು ಬೇಡುತ್ತದೆ.

ಈಗ ಅಪ್ಪನ ಫೋನಿನಲ್ಲಿ ಚಾಟ್‌ಜಿಪಿಟಿ ಇದೆ, ಜೆಮಿನಿ ಇದೆ. ಜೆಮಿನಿ ಆ್ಯಪ್ 2024ರ ಜೂನ್‌ನಲ್ಲಿ ಭಾರತಕ್ಕೆ ಬಂದಾಗಲೇ ಕನ್ನಡ, ತೆಲುಗು ಎರಡನ್ನೂ ಕಲಿತು ಬಂದಿತ್ತು. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ. ಹಾಗಾದರೆ ಕೋಚ್ ಸಿಕ್ಕಂತೆಯೇ ಅಲ್ಲವೇ?

ಅರ್ಧ ಮಾತ್ರ ಹೌದು. ಚಾಟ್‌ಬಾಟ್ ಚೆಸ್ಸಿನ ಬಗ್ಗೆ ಚೆನ್ನಾಗಿ ಮಾತಾಡುತ್ತದೆ, ಚೆಸ್ ಆಡುವುದು ಅಷ್ಟಕ್ಕಷ್ಟೆ. ಯಾವುದನ್ನು ಬಾಟ್‌ಗೆ ಕೇಳಬೇಕು, ಯಾವುದನ್ನು ಕೇಳಲೇಬಾರದು ಎಂಬ ಗೆರೆ ಗೊತ್ತಿದ್ದರೆ ಅದು ಒಳ್ಳೆಯ ಜೊತೆಗಾರ. ಗೊತ್ತಿಲ್ಲದಿದ್ದರೆ ಅದು ತಪ್ಪು ಪಾಠವನ್ನೇ ತುಂಬು ಆತ್ಮವಿಶ್ವಾಸದಿಂದ ಉರು ಹೊಡೆಸುತ್ತದೆ. ಓಪನಿಂಗ್‌ನಲ್ಲಿ ಒಮ್ಮೆ ಉರು ಹೊಡೆದ ತಪ್ಪನ್ನು ಕಿತ್ತುಹಾಕುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ.

ಅಟಾರಿ ಎದುರು ಸೋತ ಜಾಣ

2025ರ ಜೂನ್‌ನಲ್ಲಿ ಅಮೆರಿಕದ ರಾಬರ್ಟ್ ಕರೂಸೊ ಎಂಬ ಎಂಜಿನಿಯರ್ ಒಂದು ತಮಾಷೆ ಮಾಡಿದರು. 1970ರ ದಶಕದ ಅಟಾರಿ 2600 ಆಟದ ಯಂತ್ರದ 'ವಿಡಿಯೊ ಚೆಸ್' ಎದುರು ಚಾಟ್‌ಜಿಪಿಟಿಯನ್ನು ಕೂರಿಸಿದರು. ಅಟಾರಿಯನ್ನು ಕಲಿಯುವವರ ಮಟ್ಟಕ್ಕೆ ಇಟ್ಟಿದ್ದರೂ ಚಾಟ್‌ಜಿಪಿಟಿ ಸೋತಿತು. ಆನೆಯನ್ನು ಒಂಟೆ ಎಂದು ತಿಳಿಯಿತು, ಯಾವ ಕಾಯಿ ಎಲ್ಲಿದೆ ಎಂಬುದನ್ನೇ ಮತ್ತೆ ಮತ್ತೆ ಮರೆಯಿತು. ಮರುತಿಂಗಳು ಮಾಜಿ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ ಪ್ರಯಾಣದ ಬಿಡುವಿನಲ್ಲಿ ಚಾಟ್‌ಜಿಪಿಟಿಯೊಂದಿಗೆ ಆಡಿ, ಒಂದೂ ಕಾಯಿ ಕಳೆದುಕೊಳ್ಳದೆ 53 ನಡೆಗಳಲ್ಲಿ ಗೆದ್ದರು.

ಓಪನಿಂಗ್ ಕಲಿಯುವವರಿಗೆ ಇವೆರಡಕ್ಕಿಂತ ದೊಡ್ಡ ಪಾಠ ಅದೇ ವರ್ಷದ ಆಗಸ್ಟ್‌ನಲ್ಲಿದೆ. ಗೂಗಲ್‌ನ ಕ್ಯಾಗಲ್ ವೇದಿಕೆ ಚಾಟ್‌ಬಾಟ್‌ಗಳ ಹಿಂದಿರುವ ಭಾಷಾ ಮಾಡೆಲ್‌ಗಳ ನಡುವೆಯೇ ಚೆಸ್ ಪಂದ್ಯ ಏರ್ಪಡಿಸಿತು. ಫೈನಲ್‌ನಲ್ಲಿ ಓಪನ್‌ಎಐನ ಓ3 ಮಾಡೆಲ್ ಗ್ರೋಕ್ 4ನ್ನು 4-0ಯಿಂದ ಸೋಲಿಸಿತು. ನನಗೆ ಮುಖ್ಯವೆನಿಸಿದ್ದು ಫೈನಲ್ ಅಲ್ಲ, ಮೊದಲ ಸುತ್ತು. ಅಲ್ಲಿ ಕಿಮಿ ಕೆ2 ಎಂಬ ಮಾಡೆಲ್ ಇದೇ ಓ3 ಎದುರು ನಾಲ್ಕಕ್ಕೆ ನಾಲ್ಕೂ ಆಟ ಸೋತಿತು, ಒಂದು ಆಟವೂ ಎಂಟು ನಡೆ ದಾಟಲಿಲ್ಲ. ಮೊದಲ ಕೆಲವು ನಡೆಗಳನ್ನು ಪುಸ್ತಕದಲ್ಲಿದ್ದಂತೆ ಸರಿಯಾಗಿ ಆಡುತ್ತಿತ್ತು. ಪುಸ್ತಕ ಮುಗಿದ ಕೂಡಲೇ ನಿಯಮದ ಪ್ರಕಾರ ಆಡಬಹುದಾದ ಒಂದು ನಡೆಯೂ ಅದಕ್ಕೆ ಹೊಳೆಯುತ್ತಿರಲಿಲ್ಲ.

ಕಾರಣ ಇಷ್ಟು. ಚಾಟ್‌ಬಾಟ್‌ನ ತಲೆಯಲ್ಲಿ 64 ಮನೆಗಳ ಬೋರ್ಡು ಇಲ್ಲ. ಅದು ಓದಿರುವುದು ಬರಹ. ಒಂದು ಸಾಲಿನ ಮುಂದೆ ಸಾಮಾನ್ಯವಾಗಿ ಯಾವ ತುಣುಕು ಬರುತ್ತದೆ ಎಂದು ಊಹಿಸುವುದೇ ಅದರ ಕಸುಬು. ಇಟಾಲಿಯನ್ ಓಪನಿಂಗ್‌ನ ಮೊದಲ ಐದಾರು ನಡೆಗಳು ಅಂತರ್ಜಾಲದಲ್ಲಿ ಲೆಕ್ಕವಿಲ್ಲದಷ್ಟು ಸಲ ಬರೆದಿಟ್ಟಿರುವುದರಿಂದ ಅವನ್ನು ತಪ್ಪಿಲ್ಲದೆ ಒಪ್ಪಿಸುತ್ತದೆ. ಚೆಸ್ಸಿನಲ್ಲಿ ಇಬ್ಬರೂ ಎರಡೆರಡು ನಡೆ ಆಡಲು 1,97,281 ದಾರಿಗಳಿವೆ. ಹತ್ತನೆಯ ನಡೆಯ ಹೊತ್ತಿಗೆ ಬಹಳಷ್ಟು ಸಲ ಯಾರೂ ಎಂದೂ ಬರೆಯದ ಜಾಗಕ್ಕೆ ಆಟ ಬಂದಿರುತ್ತದೆ. ಅಲ್ಲಿಂದ ಮುಂದೆ ಬಾಟ್ ಹೇಳುವುದು ಚೆಸ್ಸಿನ ಧಾಟಿಯಲ್ಲಿರುತ್ತದೆ, ಚೆಸ್ ಆಗಿರಬೇಕೆಂದೇನಿಲ್ಲ.

ಹೊಸ ಬಾಟ್‌ಗಳು ಸುಧಾರಿಸಿವೆ ನಿಜ. ಕೆಲವು ಒಳಗೊಳಗೇ ಪುಟ್ಟ ಪ್ರೋಗ್ರಾಮ್ ಬರೆದು, ಓಡಿಸಿ, ನಡೆ ಸರಿಯೋ ತಪ್ಪೋ ನೋಡಿಕೊಳ್ಳಬಲ್ಲವು. ಆದರೆ ಯಾವಾಗ ಹಾಗೆ ನೋಡಿತು, ಯಾವಾಗ ನೋಡದೆ ಬರೆಯಿತು ಎಂಬುದು ಉತ್ತರ ಓದುವ ನಿಮಗೆ ಗೊತ್ತಾಗುವುದಿಲ್ಲ.

ಮೂರು ಕೆಲಸ, ಮೂವರು ಆಳು

ಓಪನಿಂಗ್ ಕಲಿಯುವವರಿಗೆ ಮೂರು ಪ್ರಶ್ನೆಗಳಿರುತ್ತವೆ. ಈ ಸ್ಥಿತಿಯಲ್ಲಿ ಜನ ಏನು ಆಡುತ್ತಾರೆ? ಅದರಲ್ಲಿ ಯಾವುದು ಒಳ್ಳೆಯದು? ಯಾಕೆ ಒಳ್ಳೆಯದು? ಮೊದಲನೆಯದಕ್ಕೆ ಡೇಟಾಬೇಸ್, ಎರಡನೆಯದಕ್ಕೆ ಎಂಜಿನ್, ಮೂರನೆಯದಕ್ಕೆ ಮಾತ್ರ ಚಾಟ್‌ಬಾಟ್. ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನೇ ಇಡಿ.

ಮೊದಲ ಎರಡೂ ಒಂದೇ ಕಡೆ ಬಿಟ್ಟಿ ಸಿಗುತ್ತವೆ. ಲಿಚೆಸ್ ಎಂಬ ತಾಣವನ್ನು 2010ರಲ್ಲಿ ಫ್ರಾನ್ಸಿನ ಥಿಬೊ ಡುಪ್ಲೆಸಿ ಶುರು ಮಾಡಿದರು. ಜಾಹೀರಾತಿಲ್ಲ, ಚಂದಾ ಇಲ್ಲ, ದಾನದ ಹಣದಲ್ಲಿ ನಡೆಯುತ್ತದೆ. ಅಲ್ಲಿ ಅನಾಲಿಸಿಸ್ ಬೋರ್ಡ್ ತೆರೆದು ಪುಸ್ತಕದ ಗುರುತು ಒತ್ತಿದರೆ ಓಪನಿಂಗ್ ಎಕ್ಸ್‌ಪ್ಲೋರರ್ ಬರುತ್ತದೆ. ಒಂದು ನಡೆ ಆಡಿದರೆ ಸಾಕು, ಮುಂದೆ ಯಾವ ಯಾವ ನಡೆಗಳನ್ನು ಎಷ್ಟು ಆಟಗಳಲ್ಲಿ ಆಡಿದ್ದಾರೆ, ಬಿಳಿ ಎಷ್ಟು ಗೆದ್ದಿದೆ, ಕಪ್ಪು ಎಷ್ಟು, ಡ್ರಾ ಎಷ್ಟು ಎಂದು ಪಟ್ಟಿಯೇ ಕಾಣುತ್ತದೆ. 'ಮಾಸ್ಟರ್ಸ್' ವಿಭಾಗದಲ್ಲಿ ದೊಡ್ಡ ಆಟಗಾರರ ಆಟಗಳಿವೆ. 'ಲಿಚೆಸ್' ವಿಭಾಗದಲ್ಲಿ ನಮ್ಮ ನಿಮ್ಮಂಥವರದು.

ಊರಿನ ಮಕ್ಕಳಿಗೆ ಈ ಎರಡನೆಯದೇ ಹೆಚ್ಚು ಉಪಯೋಗ. ಅದರಲ್ಲಿ ಆಟಗಾರರ ಮಟ್ಟ ತೋರಿಸುವ ರೇಟಿಂಗ್ ಆರಿಸಿಕೊಳ್ಳಬಹುದು. 1000, 1200, 1400ರ ಗುಂಪುಗಳನ್ನಷ್ಟೇ ಇಟ್ಟುಕೊಂಡು ನೋಡಿ. ಗ್ರ್ಯಾಂಡ್‌ಮಾಸ್ಟರ್‌ಗಳು ಕನಸಿನಲ್ಲೂ ಆಡದ ನಡೆಗಳನ್ನು ಆ ಮಟ್ಟದಲ್ಲಿ ಸಾವಿರಾರು ಜನ ಆಡುತ್ತಿರುತ್ತಾರೆ. ಶಾಲಾ ಟೂರ್ನಮೆಂಟಿನಲ್ಲಿ ಎದುರಿಗೆ ಬರುವುದು ಅವೇ.

ಎಂಜಿನ್ ಎಂದರೆ ಸ್ಟಾಕ್‌ಫಿಶ್. ಅದೇ ಬೋರ್ಡಿನ ಮೇಲೆ ಒಂದು ಸ್ವಿಚ್ಚು, ಒತ್ತಿದರೆ ಲೆಕ್ಕ ಶುರು. ಜಗತ್ತಿನ ಯಾವ ಮನುಷ್ಯನೂ ಅದರೆದುರು ನಿಲ್ಲಲಾರ. ಲಿಚೆಸ್ ಆ್ಯಪ್ ಹಾಕಿಕೊಂಡರೆ ಅದು ನಿಮ್ಮ ಫೋನಿನೊಳಗೇ ಓಡುತ್ತದೆ, ನೆಟ್ ಹೋದಾಗಲೂ ಕೆಲಸ ಮಾಡುತ್ತದೆ. ಅದು ತೋರಿಸುವ ಸಂಖ್ಯೆಯಲ್ಲಿ ಪ್ಲಸ್ ಇದ್ದರೆ ಬಿಳಿಗೆ ಅನುಕೂಲ, ಮೈನಸ್ ಇದ್ದರೆ ಕಪ್ಪಿಗೆ. ಒಂದರ ಆಸುಪಾಸು ಎಂದರೆ ಸ್ಥೂಲವಾಗಿ ಒಂದು ಕಾಲಾಳಿನಷ್ಟು ಮೇಲುಗೈ. 0.3, 0.4 ಎಂಬ ವ್ಯತ್ಯಾಸಕ್ಕೆ ಕಲಿಯುವವರು ತಲೆ ಕೆಡಿಸಿಕೊಳ್ಳಬೇಕಿಲ್ಲ. ಆ ಮಟ್ಟದಲ್ಲಿ ಆಟ ತೀರ್ಮಾನವಾಗುವುದು ಯಾರು ಕುದುರೆಯನ್ನು ಬಿಟ್ಟಿ ಕೊಟ್ಟರು ಎಂಬುದರ ಮೇಲೆ.

ಎಂಜಿನ್‌ನ ಕೊರತೆ ಒಂದೇ, ಅದು ಮೂಕ. 'ಈ ನಡೆ ಒಳ್ಳೆಯದು' ಎನ್ನುತ್ತದೆ, ಏಕೆಂದು ಹೇಳುವುದಿಲ್ಲ. ಚಾಟ್‌ಬಾಟ್ ಬೇಕಾಗುವುದು ಇಲ್ಲಿ.

ಹೀಗೆ ಕೇಳಿ

ಚಿಕ್ಕ ಉದಾಹರಣೆಯಿಂದ ಹಿಡಿಯೋಣ. ಶಾಲಾ ಮಕ್ಕಳ ಪಂದ್ಯಗಳಲ್ಲಿ ನಾಲ್ಕು ನಡೆಯ ಮೇಟ್ ಇಂದಿಗೂ ನಡೆಯುತ್ತದೆ. ಬಿಳಿ ಇ4, ಕಪ್ಪು ಇ5, ಬಿಳಿ ರಾಣಿ ಎಚ್5. ರಾಣಿಯನ್ನು ಓಡಿಸಬೇಕೆಂದು ಕಪ್ಪು ತಕ್ಷಣ ಜಿ6 ಆಡಿದರೆ ರಾಣಿ ಇ5 ಕಾಲಾಳನ್ನು ತಿಂದು ಚೆಕ್ ಕೊಡುತ್ತದೆ, ಮೂಲೆಯ ಎಚ್8 ಆನೆಯೂ ಅದರ ಬಾಯಿಗೆ ಬೀಳುತ್ತದೆ. ಮೊದಲು ಕುದುರೆ ಸಿ6 ಆಡಿ ಇ5ನ್ನು ಕಾಯಬೇಕು. ಬಿಳಿ ಒಂಟೆಯನ್ನು ಸಿ4ಗೆ ತಂದು ಎಫ್7ರ ಮೇಲೆ ಮೇಟ್ ಬೆದರಿಕೆ ಹಾಕಿದಾಗ ಜಿ6. ಅದೇ ಜಿ6, ಒಂದು ನಡೆ ಮೊದಲಾದರೆ ಸೋಲು, ಒಂದು ನಡೆ ತಡವಾದರೆ ಸರಿಯಾದ ಉತ್ತರ.

'ನಾಲ್ಕು ನಡೆ ಮೇಟ್ ತಡೆಯುವುದು ಹೇಗೆ' ಎಂದಷ್ಟೇ ಬಾಟ್‌ಗೆ ಕೇಳಿದರೆ ಅಂಗಡಿಯ ರಸೀದಿಯಷ್ಟುದ್ದ ಪಟ್ಟಿ ಬರುತ್ತದೆ. ಅದರ ಬದಲು ಹೀಗೆ ಕೇಳಿ: 'ಬಿಳಿ ರಾಣಿ ಎಚ್5ಕ್ಕೆ ಬಂದಿದೆ. ಎರಡನೇ ನಡೆಯಲ್ಲೇ ಜಿ6 ಆಡಿದರೆ ಏಕೆ ತಪ್ಪು, ಮೂರನೇ ನಡೆಯಲ್ಲಿ ಏಕೆ ಸರಿ? ಹತ್ತು ವರ್ಷದ ಮಗುವಿಗೆ ಹೇಳುವಂತೆ ಐದು ವಾಕ್ಯದಲ್ಲಿ ಹೇಳು.' ಪ್ರಶ್ನೆಯಲ್ಲೇ ನಡೆ ಇರಲಿ. ನಡೆಯನ್ನು ಬಾಟ್ ಕಂಡುಹಿಡಿಯಬಾರದು, ನೀವು ಕೊಟ್ಟ ನಡೆಯನ್ನು ಅದು ವಿವರಿಸಬೇಕು.

ಸ್ವಲ್ಪ ದೊಡ್ಡ ಉದಾಹರಣೆ ಲಂಡನ್ ಸಿಸ್ಟಮ್. (ಬೇಸರದ ಆಟ ಎಂದು ಮೂಗು ಮುರಿಯುವವರಿದ್ದಾರೆ, ನಾನೂ ಅವರ ಪೈಕಿ. ಆದರೆ ಕೋಚ್ ಇಲ್ಲದ ಮಗುವಿಗೆ ಬಿಳಿ ಕಾಯಿಗಳಲ್ಲಿ ಇದಕ್ಕಿಂತ ಸುಲಭವಾಗಿ ಕೈಗೆ ಹತ್ತುವುದು ಕಡಿಮೆ.) ಡಿ4, ಒಂಟೆ ಎಫ್4, ಇ3, ಸಿ3, ಕುದುರೆ ಎಫ್3. ಎದುರಾಳಿ ಏನು ಆಡಿದರೂ ಸುಮಾರಾಗಿ ಇದೇ ಜೋಡಣೆ. ಯೂಟ್ಯೂಬ್ ನೋಡಿದ ಮಕ್ಕಳು ಇದನ್ನು ಯಾಂತ್ರಿಕವಾಗಿ ಆಡುತ್ತಾರೆ, ಕಪ್ಪು ಬೇಗ ಸಿ5 ಆಡಿ ರಾಣಿಯನ್ನು ಬಿ6ಕ್ಕೆ ತಂದ ದಿನ ಕುಸಿಯುತ್ತಾರೆ.

ಯಾಕೆ ಕುಸಿಯುತ್ತಾರೆ? ಬಿ2ರ ಕಾಲಾಳನ್ನು ಆಟದ ಮೊದಲಿಗೆ ಸಿ1ರ ಒಂಟೆ ಕಾಯುತ್ತಿತ್ತು. ಆ ಒಂಟೆ ಎಫ್4ಗೆ ಹೊರಟಿತೆಂದರೆ ಬಿ2 ಅನಾಥ. ಈ ಒಂದು ವಾಕ್ಯ ಅರ್ಥವಾದ ಮಗುವಿಗೆ ರಾಣಿ ಬಿ6 ಕಂಡಾಗ ರಾಣಿ ಬಿ3 ತಾನಾಗಿ ಹೊಳೆಯುತ್ತದೆ. ಬಾಟ್‌ಗೆ ಕೇಳಬೇಕಾದ್ದು ಇಂಥದ್ದನ್ನು: 'ಒಂಟೆ ಎಫ್4ಗೆ ಹೋದ ಮೇಲೆ ಬಿಳಿಯ ಯಾವ ಮನೆ ಬಲ ಕಳೆದುಕೊಳ್ಳುತ್ತದೆ? ಕಪ್ಪು ಅದನ್ನು ಹೇಗೆ ಹಿಡಿಯುತ್ತದೆ?' ಇಂಥ ಪ್ರಶ್ನೆಗೆ ಒಳ್ಳೆಯ ಬಾಟ್‌ಗಳ ಉತ್ತರ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಏಕೆಂದರೆ ಇದು ಪುಸ್ತಕಗಳಲ್ಲಿ ಮಾತಿನ ರೂಪದಲ್ಲೇ ಸಾಕಷ್ಟು ಸಲ ಬಂದಿದೆ.

ಅಲ್ಲೇ ನಾಲ್ಕು ಹೆಜ್ಜೆ ಮುಂದೆ ಹೋದರೆ ಗೆರೆ ದಾಟುತ್ತೀರಿ. ಡಿ4 ಡಿ5, ಒಂಟೆ ಎಫ್4 ಸಿ5, ಇ3 ಕುದುರೆ ಸಿ6, ಸಿ3 ರಾಣಿ ಬಿ6, ರಾಣಿ ಬಿ3 ಸಿ4, ರಾಣಿ ಸಿ2. ಈಗ ಕಪ್ಪು ಒಂಟೆಯನ್ನು ಎಫ್5ಕ್ಕೆ ಇಟ್ಟು ರಾಣಿಯನ್ನೇ ಕೆಣಕುತ್ತದೆ. ಒಂಟೆ ಬಿಟ್ಟಿ ಸಿಕ್ಕಂತೆ ಕಾಣುತ್ತದೆ. ತಿಂದರೆ ಬಿಳಿ ರಾಣಿ ಸಿ2 ಬಿಟ್ಟು ಹೋದಂತಾಯಿತು, ಬಿ2 ಮತ್ತೆ ಬಯಲು. ಕಪ್ಪು ರಾಣಿ ಅದನ್ನು ತಿಂದರೆ ಎ1ರ ಆನೆ ಉಳಿಯುವುದಿಲ್ಲ. ಆಮೇಲೆ ಯಾರು ಎಷ್ಟು ತಿಂದರು, ಕೊನೆಗೆ ಯಾರಿಗೆ ಲಾಭ ಎಂಬುದು ಪೂರಾ ಲೆಕ್ಕದ ಮಾತು. ಅದನ್ನು ಸ್ಟಾಕ್‌ಫಿಶ್‌ಗೆ ಕೇಳಿ. ಅದು ಹೇಳಿದ ಸಾಲನ್ನು ನಕಲು ಮಾಡಿ ಬಾಟ್‌ಗೆ ಕೊಟ್ಟು 'ಎಂಜಿನ್ ಹೀಗೆನ್ನುತ್ತಿದೆ, ಪ್ರತಿ ನಡೆಯ ಉದ್ದೇಶವೇನು' ಎಂದು ಕೇಳಿ.

ಇಟಾಲಿಯನ್‌ನ ಪ್ರಸಿದ್ಧ ಕವಲನ್ನೂ ಹೀಗೆಯೇ ಬಿಡಿಸಬಹುದು. ಇ4 ಇ5, ಕುದುರೆ ಎಫ್3 ಕುದುರೆ ಸಿ6, ಒಂಟೆ ಸಿ4 ಕುದುರೆ ಎಫ್6, ಬಿಳಿ ಕುದುರೆ ಜಿ5ಕ್ಕೆ ಹಾರುತ್ತದೆ. ಕಪ್ಪು ಡಿ5, ಬಿಳಿ ಕಾಲಾಳಿನಿಂದ ತಿನ್ನುತ್ತದೆ. ಇಲ್ಲಿ ಕಪ್ಪು ಕುದುರೆಯಿಂದ ಮರಳಿ ತಿಂದರೆ ಬಿಳಿ ತನ್ನ ಕುದುರೆಯನ್ನೇ ಎಫ್7ರಲ್ಲಿ ಬಲಿಕೊಟ್ಟು ರಾಜನನ್ನು ಬೋರ್ಡಿನ ನಡುವಿಗೆ ಎಳೆದು ತರುತ್ತದೆ. ಪುಸ್ತಕದ ಉತ್ತರ ಕುದುರೆಯನ್ನು ಎ5ಕ್ಕೆ ಸರಿಸುವುದು. ಒಂದು ಕಾಲಾಳು ಹೋಗುತ್ತದೆ, ಬದಲಿಗೆ ಕಪ್ಪು ಕಾಯಿಗಳು ಬೇಗ ಹೊರಬರುತ್ತವೆ. 'ಅಂಚಿನಲ್ಲಿ ಕುದುರೆ ಇಡಬೇಡ ಎಂದು ಎಲ್ಲರೂ ಹೇಳುತ್ತಾರೆ, ಇಲ್ಲಿ ಮಾತ್ರ ಎ5 ಯಾಕೆ ಸರಿ?' ಎಂಬುದು ಬಾಟ್‌ಗೆ ಕೇಳಲು ಯೋಗ್ಯವಾದ ಪ್ರಶ್ನೆ. ನಿಯಮ ಮುರಿಯುವ ಜಾಗಗಳಲ್ಲಿ ಅದರ ವಿವರಣೆ ಕೆಲಸಕ್ಕೆ ಬರುತ್ತದೆ.

ಬಾಟ್ ದಾರಿ ತಪ್ಪಿದ್ದನ್ನು ಹಿಡಿಯುವುದು

ಮುಂದೆ ನಿಜವಾದ ಬೋರ್ಡು ಇಟ್ಟುಕೊಂಡೇ ಬಾಟ್ ಜೊತೆ ಮಾತಾಡಿ. ಅದು ಹೇಳಿದ ಪ್ರತಿ ನಡೆಯನ್ನೂ ಕಾಯಿಯಿಂದ ಆಡಿ ನೋಡಿ. ಆ ಮನೆಗೆ ಆ ಕಾಯಿ ಹೋಗಲಾರದು ಎಂದಾದರೆ ಅಲ್ಲಿಂದಾಚೆಯ ಮಾತೆಲ್ಲ ಕಸ, ಅರ್ಧ ಸರಿ ಇರಬಹುದು ಎಂದು ಉಳಿಸಿಕೊಳ್ಳಬೇಡಿ.

ಇನ್ನೊಂದು ಪರೀಕ್ಷೆ: ಐದಾರು ನಡೆಗಳಾದ ಮೇಲೆ 'ಈಗ ಬೋರ್ಡು ಹೇಗಿದೆ, ಸಾಲು ಸಾಲಾಗಿ ಬರೆದು ತೋರಿಸು' ಎನ್ನಿ. ಅದು ಬಿಡಿಸಿದ ಚಿತ್ರ ನಿಮ್ಮ ಬೋರ್ಡಿಗೆ ಹೊಂದದಿದ್ದರೆ ಆ ಮಾತುಕತೆ ಮುಚ್ಚಿ ಹೊಸದು ತೆರೆಯಿರಿ. ತಿದ್ದುತ್ತಾ ಕೂರಬೇಡಿ. 'ಕ್ಷಮಿಸಿ, ನೀವು ಹೇಳಿದ್ದು ಸರಿ' ಎಂದು ಹೇಳಿ ಮತ್ತೆ ಅದೇ ತಪ್ಪು ಮಾಡುವುದು ಅದರ ಜಾಯಮಾನ. ಹೊಸ ಪ್ರಶ್ನೆ ಕೇಳುವಾಗಲೆಲ್ಲ ಮೊದಲ ನಡೆಯಿಂದ ಪೂರ್ತಿ ಸಾಲು ಕೊಡಿ. ಲಿಚೆಸ್‌ನ ಅನಾಲಿಸಿಸ್ ಬೋರ್ಡಿನ ಕೆಳಗೆ ಎಫ್‌ಇಎನ್, ಪಿಜಿಎನ್ ಎಂಬ ಎರಡು ಪೆಟ್ಟಿಗೆಗಳಿವೆ. ಎಫ್‌ಇಎನ್ ಆ ಕ್ಷಣದ ಬೋರ್ಡಿನ ವಿಳಾಸ, ಪಿಜಿಎನ್ ಆಟದ ಪೂರ್ತಿ ದಾಖಲೆ. ಎರಡನ್ನೂ ನಕಲು ಮಾಡಿ ಪ್ರಶ್ನೆಯ ಜೊತೆ ಅಂಟಿಸಿದರೆ ತಪ್ಪು ಕಡಿಮೆಯಾಗುತ್ತದೆ.

ಬಾಟ್‌ಗೆ ಹೂಂಗುಟ್ಟುವ ಚಾಳಿಯೂ ಇದೆ. 'ಇಲ್ಲಿ ಜಿ4 ಆಡಿದರೆ ಒಳ್ಳೆಯದಲ್ಲವೇ' ಎಂದು ಕೇಳಿದರೆ ಒಳ್ಳೆಯದೆಂದು ಮೂರು ಕಾರಣ ಕೊಡುತ್ತದೆ, 'ಕೆಟ್ಟದಲ್ಲವೇ' ಎಂದರೆ ಅಷ್ಟೇ ಉತ್ಸಾಹದಿಂದ ಇನ್ನು ಮೂರು. ಹಾಗಾಗಿ ಉತ್ತರವನ್ನು ಪ್ರಶ್ನೆಯೊಳಗೆ ಇಡಬೇಡಿ. 'ಜಿ4 ಆಡಿದರೆ ಏನು ಲಾಭ, ಏನು ನಷ್ಟ' ಎಂದು ಕೇಳಿ, ಆಮೇಲೆ ಎಂಜಿನ್ ನೋಡಿ.

ಹೆಸರುಗಳ ವಿಷಯದಲ್ಲಂತೂ ನಂಬಲೇಬೇಡಿ. ಚೆಸ್ ಎನ್‌ಸೈಕ್ಲೊಪೀಡಿಯಾ ಓಪನಿಂಗ್‌ಗಳನ್ನು ಎ00ರಿಂದ ಇ99ರವರೆಗೆ ಐದುನೂರು ಸಂಕೇತಗಳಲ್ಲಿ ವಿಂಗಡಿಸಿದೆ. ಬಾಟ್ ಸಂಕೇತವನ್ನು ತಪ್ಪಾಗಿ ಹೇಳಬಹುದು, ಎಲ್ಲೂ ಇಲ್ಲದ 'ವೇರಿಯೇಶನ್' ಹುಟ್ಟಿಸಬಹುದು, ವಿಶ್ವನಾಥನ್ ಆನಂದ್ ಇಂಥ ವರ್ಷ ಇಂಥವರ ಮೇಲೆ ಇದನ್ನು ಆಡಿದ್ದರು ಎಂದು ಕಥೆ ಕಟ್ಟಬಹುದು. ಡೇಟಾಬೇಸಿನಲ್ಲಿ ಆ ಆಟ ಕಾಣದಿದ್ದರೆ ಅದನ್ನು ನೋಟ್‌ಬುಕ್ಕಿಗೆ ಇಳಿಸಬೇಡಿ. ಬೇರೆ ಬೇರೆ ದಾರಿಯಿಂದ ಒಂದೇ ಸ್ಥಿತಿಗೆ ಬರುವ ಆಟಗಳಲ್ಲೂ ಬಾಟ್ ಮುಗ್ಗರಿಸುತ್ತದೆ. ಡಿ4ರಿಂದ ಶುರುವಾದರೂ ಸಿ4ರಿಂದ ಶುರುವಾದರೂ ಕೊನೆಗೆ ಬೋರ್ಡು ಒಂದೇ ಆಗಬಹುದು. ಡೇಟಾಬೇಸ್ ಬೋರ್ಡು ನೋಡಿ ಗುರುತಿಸುತ್ತದೆ, ಬಾಟ್ ಬರೆದ ಕ್ರಮ ನೋಡಿ ಬೇರೆ ಎಂದುಕೊಳ್ಳುತ್ತದೆ.

ಕನ್ನಡದಲ್ಲಿ ಕೇಳುವಾಗ

ವಿವರಣೆ ಕನ್ನಡದಲ್ಲಿ ಕೇಳಿ, ತೆಲುಗಿನಲ್ಲಿ ಸಲೀಸಾದರೆ ತೆಲುಗಿನಲ್ಲೇ ಕೇಳಿ. ನಡೆಗಳನ್ನು ಮಾತ್ರ ಇಂಗ್ಲಿಷ್ ಅಕ್ಷರ, ಅಂಕೆಗಳ ಅಂತರರಾಷ್ಟ್ರೀಯ ಸಂಕೇತದಲ್ಲೇ ಟೈಪ್ ಮಾಡಿ. ಚೆಸ್ ಬರಹದ ಬಹುಪಾಲು ಆ ಸಂಕೇತದಲ್ಲೇ ಇರುವುದರಿಂದ ಬಾಟ್‌ಗೆ ಗೊಂದಲ ಕಡಿಮೆ. ಮೂಲೆಯ ಕಾಯಿ ನಮಗೆ ಆನೆ, ಬಂಗಾಳಿಗಳಿಗೆ ದೋಣಿ. ರಷ್ಯನ್ನರು ಆನೆ ಎನ್ನುವುದು ನಮ್ಮ ಒಂಟೆಗೆ. ಇದನ್ನೆಲ್ಲ ಒಟ್ಟಿಗೆ ಓದಿರುವ ಬಾಟ್ 'ಆನೆ' ಎಂದಾಗ ಯಾವುದನ್ನು ಹಿಡಿಯುತ್ತದೋ. ಮೊದಲ ಸಾಲಿನಲ್ಲೇ 'ಆನೆ ಎಂದರೆ ರೂಕ್, ಒಂಟೆ ಎಂದರೆ ಬಿಷಪ್, ರಾಣಿ ಅಥವಾ ಮಂತ್ರಿ ಎಂದರೆ ಕ್ವೀನ್' ಎಂದು ಹೇಳಿಬಿಟ್ಟರೆ ಜಗಳವಿಲ್ಲ. ಮಗುವಿಗೂ ಸಂಕೇತ ಬರೆಯುವುದು ರೂಢಿಯಾಗುತ್ತದೆ. ದೊಡ್ಡ ಪಂದ್ಯಗಳಲ್ಲಿ ಹೇಗೂ ಸ್ಕೋರ್‌ಶೀಟ್ ಬರೆಯಲೇಬೇಕು.

ಮನೆಯ ಹಿರಿಯರಿಂದ ಕಲಿತ ಮಕ್ಕಳು ಇನ್ನೊಂದು ವಿಷಯ ಗಮನಿಸಬೇಕು. ನಮ್ಮ ಹಳೆಯ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಸಾಗುತ್ತದೆ. ಕ್ಯಾಸ್ಲಿಂಗ್ ಇಲ್ಲ, ಬದಲಿಗೆ ರಾಜ ಒಂದು ಸಲ ಕುದುರೆಯಂತೆ ಹಾರಬಹುದು. ಈ ಆಟಕ್ಕೂ ಇವತ್ತಿನ ಓಪನಿಂಗ್ ಪುಸ್ತಕಗಳಿಗೂ ನೇರ ನಂಟಿದೆ. 1850ರ ಆಸುಪಾಸು ಕಲ್ಕತ್ತೆಯಲ್ಲಿದ್ದ ಸ್ಕಾಟ್ಲೆಂಡಿನ ವಕೀಲ ಜಾನ್ ಕಾಕ್ರೇನ್, ಎಂದೂ ಸೋತಿಲ್ಲವೆಂದು ಹೆಸರಾಗಿದ್ದ ಹಳ್ಳಿಗಾಡಿನ ಒಬ್ಬ ಬ್ರಾಹ್ಮಣನೊಂದಿಗೆ ಆಡುತ್ತಿದ್ದ. ಅವನು ಮಹೇಶಚಂದ್ರ ಬ್ಯಾನರ್ಜಿ. ಯುರೋಪಿನವರು ಡಿ4ಕ್ಕೆ ಡಿ5 ಎನ್ನುತ್ತಿದ್ದ ಕಾಲದಲ್ಲಿ ಅವನು ನಮ್ಮ ಹಳೆಯ ಆಟದ ರೂಢಿಯಿಂದ ಕುದುರೆಯನ್ನು ಎಫ್6ಕ್ಕೆ ತಂದು, ಜಿ6 ಆಡಿ, ಒಂಟೆಯನ್ನು ಜಿ7ರಲ್ಲಿ ಕೂರಿಸುತ್ತಿದ್ದ. ಇಂದು ಜಗತ್ತಿನಾದ್ಯಂತ 'ಇಂಡಿಯನ್ ಡಿಫೆನ್ಸ್' ಎಂದು ಕರೆಯುವ ಕುಟುಂಬಕ್ಕೆ ಆ ಹೆಸರು ಬಂದದ್ದು ಹೀಗೆ. ಎರ್ನ್‌ಸ್ಟ್ ಗ್ರುನ್‌ಫೆಲ್ಡ್ 1922ರಲ್ಲಿ ಆಡಿ ತನ್ನ ಹೆಸರು ಅಂಟಿಸಿಕೊಂಡ ಓಪನಿಂಗ್ 1855ರಲ್ಲೇ ಬ್ಯಾನರ್ಜಿಯ ಆಟವೊಂದರಲ್ಲಿದೆ. ಇಂಥ ಕಥೆಗಳನ್ನು ಬಾಟ್‌ಗೆ ಕೇಳಿ, ಮಕ್ಕಳಿಗೆ ಓಪನಿಂಗ್ ಬೇಗ ನೆನಪಿರುತ್ತದೆ. ವರ್ಷ, ಹೆಸರುಗಳನ್ನು ಮಾತ್ರ ಬೇರೆ ಕಡೆ ನೋಡಿ ಖಾತ್ರಿ ಮಾಡಿಕೊಳ್ಳಿ.

ಎಷ್ಟು ಹೊತ್ತು, ಯಾವ ಓಪನಿಂಗ್

'ನನ್ನ ಮಗನಿಗೆ ಯಾವ ಓಪನಿಂಗ್ ಕಲಿಸಲಿ' ಎಂದು ಬಾಟ್‌ಗೆ ಕೇಳಿದರೆ ಹತ್ತು ಹೆಸರು ಹೇಳುತ್ತದೆ. ಬೇಕಿರುವುದು ಮೂರು: ಬಿಳಿಗೆ ಒಂದು, ಕಪ್ಪಿನಲ್ಲಿ ಇ4ರ ಎದುರು ಒಂದು, ಡಿ4ರ ಎದುರು ಒಂದು. ಬಿಳಿಗೆ ಇಟಾಲಿಯನ್ ಅಥವಾ ಲಂಡನ್, ಇ4ಕ್ಕೆ ಇ5 ಅಥವಾ ಕಾರೊ-ಕಾನ್, ಡಿ4ಕ್ಕೆ ಡಿ5 ಆಡಿ ಬಿಳಿ ಸಿ4 ಎಂದಾಗ ಇ6. ಸಿಸಿಲಿಯನ್ ನೈಡಾರ್ಫ್ ಹೆಸರು ಕೇಳಲು ಚೆನ್ನ, ಅದನ್ನು ಮುಂದೆಂದಾದರೂ ನೋಡಿಕೊಳ್ಳಬಹುದು. ಪ್ರತಿಯೊಂದರಲ್ಲೂ ಆರೇಳು ನಡೆ, ಎದುರಾಳಿಯ ಎರಡು ಮೂರು ಉತ್ತರ, ಮುಂದಿನ ಯೋಜನೆಯ ಎರಡು ವಾಕ್ಯ. ಇದು ನೋಟ್‌ಬುಕ್ಕಿನ ಒಂದು ಪುಟದಲ್ಲಿ ಹಿಡಿಯಬೇಕು, ಹಿಡಿಯದಿದ್ದರೆ ಜಾಸ್ತಿಯಾಯಿತೆಂದೇ ಅರ್ಥ.

ಪುಟವನ್ನು ಮಗುವೇ ಕೈಯಾರೆ ಬರೆಯಲಿ. ಒಂದೆರಡು ದಿನ ಬಿಟ್ಟು ಬಾಟ್‌ಗೆ ಹೀಗೆ ಹೇಳಿ: 'ಇದು ನಾನು ಕಲಿತ ಸಾಲು. ನೀನು ಹೊಸದೇನೂ ಸೇರಿಸಬೇಡ. ಒಂದೊಂದೇ ನಡೆಗೆ ಯಾಕೆ ಎಂದು ನನ್ನನ್ನು ಕೇಳು, ನನ್ನ ಉತ್ತರದಲ್ಲಿ ಬಿಟ್ಟುಹೋದದ್ದನ್ನು ಹೇಳು.' ಪಾತ್ರ ಅದಲು ಬದಲಾದಾಗ ಬಾಟ್‌ನಿಂದ ಸಿಗುವ ಲಾಭ ಹೆಚ್ಚು. ಅದು ಪಾಠ ಹೇಳಿದರೆ ಮಗು ತಲೆಯಾಡಿಸುತ್ತದೆ, ಪ್ರಶ್ನೆ ಕೇಳಿದರೆ ಯೋಚಿಸುತ್ತದೆ.

ದಿನಕ್ಕೆ ಒಂದು ಗಂಟೆ ಚೆಸ್ಸಿಗೆ ಸಿಕ್ಕರೆ ಓಪನಿಂಗ್‌ಗೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೊಡುವುದು ದಂಡ. ಉಳಿದದ್ದು ಪಜಲ್ ಬಿಡಿಸಲು, ಆಡಲು, ಆಡಿದ ಆಟ ತಿರುವಿ ನೋಡಲು. ಸ್ವಂತ ಲೆಕ್ಕವೇ ಮುಖ್ಯ ಎಂಬುದಕ್ಕೆ ದೊಡ್ಡ ಸಾಕ್ಷಿ ಡಿ. ಗುಕೇಶ್. 2019ರ ಜನವರಿಯಲ್ಲಿ 12 ವರ್ಷ 7 ತಿಂಗಳಿಗೇ ಗ್ರ್ಯಾಂಡ್‌ಮಾಸ್ಟರ್ ಆದ ಆ ಹುಡುಗನಿಗೆ ಕೋಚ್ ವಿಷ್ಣು ಪ್ರಸನ್ನ ಆ ಮಟ್ಟ ಮುಟ್ಟುವವರೆಗೆ ಎಂಜಿನ್ ಮುಟ್ಟಗೊಡಲಿಲ್ಲ. ತಲೆಯಿಂದಲೇ ಲೆಕ್ಕ ಹಾಕುವುದನ್ನು ಕಲಿಸಿದರು. 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಡಿಂಗ್ ಲಿರೆನ್‌ರನ್ನು ಸೋಲಿಸಿ ಗುಕೇಶ್ ವಿಶ್ವ ಚಾಂಪಿಯನ್ ಆದರು. ಎಲ್ಲರೂ ಎಂಜಿನ್ ಬಿಡಬೇಕೆಂದು ಇದರರ್ಥವಲ್ಲ, ಅವರಿಗೆ ಪಕ್ಕದಲ್ಲಿ ಒಬ್ಬ ಗ್ರ್ಯಾಂಡ್‌ಮಾಸ್ಟರ್ ಇದ್ದರು. ಆದರೆ ಕ್ರಮ ಅವರದ್ದೇ ಇರಲಿ. ಮೊದಲು ಮಗು ಬೋರ್ಡು ನೋಡಿ ತನಗೆ ತೋಚಿದ್ದನ್ನು ಬರೆದಿಡಬೇಕು, ಆಮೇಲೆ ಎಂಜಿನ್, ಕೊನೆಗೆ ಬಾಟ್.

ಫೋನಿನ ಶಿಸ್ತು

ಚಾಟ್‌ಜಿಪಿಟಿ ಬಳಸಲು 13 ವರ್ಷ ತುಂಬಿರಬೇಕು, 18ರೊಳಗಿನವರಿಗೆ ತಂದೆತಾಯಿಯ ಒಪ್ಪಿಗೆ ಬೇಕು. ಚಿಕ್ಕ ಮಕ್ಕಳಿದ್ದರೆ ದೊಡ್ಡವರೇ ಪಕ್ಕದಲ್ಲಿ ಕೂತು ಕೇಳಬೇಕು. ಚೆಸ್ ಬಾರದ ಅಮ್ಮನೂ ಈ ಕೆಲಸ ಮಾಡಬಹುದು: ಬಾಟ್ ಹೇಳಿದ್ದನ್ನು ಓದಿ ಹೇಳುವುದು ಅಮ್ಮ, ಕಾಯಿ ನಡೆಸಿ ಸರಿತಪ್ಪು ಹೇಳುವುದು ಮಗು. ಬಾಟ್‌ನ ಹಣ ಕೊಟ್ಟು ಕೊಳ್ಳುವ ಆವೃತ್ತಿ ಈ ಕೆಲಸಕ್ಕೆ ಬೇಕಿಲ್ಲ.

ಆನ್‌ಲೈನಿನಲ್ಲಿ ಆಡುವಾಗ ಬಾಟ್‌ನ್ನಾಗಲಿ ಎಂಜಿನ್ನನ್ನಾಗಲಿ ಕೇಳುವುದು ಮೋಸ. ಲಿಚೆಸ್ ಅದನ್ನು ಪತ್ತೆ ಹಚ್ಚಿ ಖಾತೆಗೆ ಗುರುತು ಹಾಕುತ್ತದೆ. ದಿನಗಟ್ಟಲೆ ನಡೆಯುವ ಕರೆಸ್ಪಾಂಡೆನ್ಸ್ ಆಟಗಳಲ್ಲಿ ಮಾತ್ರ ಓಪನಿಂಗ್ ಪುಸ್ತಕ, ಡೇಟಾಬೇಸ್ ನೋಡಲು ಬಿಡುತ್ತಾರೆ, ಅಲ್ಲೂ ಎಂಜಿನ್ ಸಲ್ಲದು. ಹೊಸ ಓಪನಿಂಗ್ ಒಂದನ್ನು ನಿಧಾನವಾಗಿ ಆಡಿ ನೋಡಲು ಅದು ಒಳ್ಳೆಯ ಜಾಗ.

ಟೂರ್ನಮೆಂಟಿನಲ್ಲಿ ಫೋನ್ ಇನ್ನೂ ಅಪಾಯ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ನಿಯಮದಂತೆ ಆಟದ ವೇಳೆ ಹಾಲ್‌ನಲ್ಲಿ ಆಟಗಾರನ ಬಳಿ ಫೋನ್ ಸಿಕ್ಕರೆ ಆ ಆಟ ಸೋತಂತೆ, ರಿಂಗ್ ಆಗಲೇಬೇಕೆಂದಿಲ್ಲ. ಮಗುವಿನ ಚೀಲದಲ್ಲಿ ಫೋನ್ ಹಾಕಿ ಒಳಗೆ ಕಳಿಸಬೇಡಿ. ಅಂದು ಬೆಳಿಗ್ಗೆ ಬಸ್ಸಿನಲ್ಲಿ ಬಾಟ್ ತೆರೆದು ಹೊಸ ಸಾಲು ಕಲಿಯುವುದೂ ಬೇಡ, ಒಂದು ಪುಟದ ನೋಟ್‌ಬುಕ್ ಕೈಯಲ್ಲಿದ್ದರೆ ಸಾಕು. ಸಂಜೆ ಮನೆಗೆ ಬಂದ ಮೇಲೆ ಸ್ಕೋರ್‌ಶೀಟ್ ಹೊರತೆಗೆಯಿರಿ. ಅದರ ಫೋಟೊ ಕೊಟ್ಟರೆ ಬಾಟ್ ಓದುತ್ತದೆ, ಆದರೆ ಅವಸರದ ಕೈಬರಹದಲ್ಲಿ ಒಂದು ಅಂಕೆ ತಪ್ಪಾಗಿ ಓದಿದರೂ ಅಲ್ಲಿಂದ ಆಟವೇ ಬೇರೆಯಾಗುತ್ತದೆ. ನಡೆಗಳನ್ನು ನೀವೇ ಲಿಚೆಸ್ ಬೋರ್ಡಿನ ಮೇಲೆ ಆಡಿ ದಾಖಲಿಸಿ. ಎಕ್ಸ್‌ಪ್ಲೋರರ್ ತೆರೆದು ಆಟ ಪುಸ್ತಕ ಬಿಟ್ಟದ್ದು ಎಷ್ಟನೆಯ ನಡೆಗೆ, ಬಿಟ್ಟವರು ಯಾರು ಎಂದು ನೋಡಿ. ನೋಟ್‌ಬುಕ್ಕಿಗೆ ಸೇರಬೇಕಾದದ್ದು ಆ ಒಂದು ನಡೆಯ ಉತ್ತರ ಮಾತ್ರ.